ಕಲಿಕೆಯೂ ಹಲಾಲ್ ಆಗಿರಲಿ

ಮೊನ್ನೆ ನಮಾಝ್ ಮುಗಿದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಕೇಳಿದ: ‘ಹಜರತ್, ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್ ಕೊಳ್ಳಾಕ ಅಬ್ಬಾನ ಹತ್ರ ರೊಕ್ಕ ಇಲ್ಲ. ಕ್ರ್ಯಾಕ್ ಹಾಕ್ಕೊಂಡ್ರ ತಪ್ಪೇನ್ರಿ?’

ತಪ್ಪು. ಪರರ ಸೊತ್ತನ್ನು ಅನ್ಯಾಯವಾಗಿ ಉಣ್ಣುವುದನ್ನು ಕುರ್‌ಆನ್ ನಿಷೇಧಿಸಿದೆ. ಸಾಫ್ಟ್‌ವೇರ್ ಕೂಡ ಒಬ್ಬರ ದುಡಿಮೆಯ ಸೊತ್ತು. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಕೃತಿಸ್ವಾಮ್ಯವನ್ನು ಶರೀಅತ್ ರಕ್ಷಿಸುವ ಹಕ್ಕೆಂದು ತೀರ್ಮಾನಿಸಿದೆ. ಕ್ರ್ಯಾಕ್ ಜೊತೆ ವೈರಸ್ ಬರುವ ಅಪಾಯವೂ ಇದೆ.

ಹಾಗೆಂದು ಬಡತನ ಕಲಿಕೆಗೆ ಅಡ್ಡಿಯಾಗಬೇಕಿಲ್ಲ. ಪೈಥಾನ್, ಜಿಸಿಸಿ ಎಲ್ಲರಿಗೂ ಉಚಿತ. ವಿಷುವಲ್ ಸ್ಟುಡಿಯೊದ ಕಮ್ಯೂನಿಟಿ ಆವೃತ್ತಿ ಒಬ್ಬರೇ ಕೆಲಸ ಮಾಡುವವರಿಗೆ ಹಣವಿಲ್ಲದೆ ಸಿಗುತ್ತದೆ. ಅದರಲ್ಲಿ ಬರೆದದ್ದನ್ನು ಮಾರಲೂಬಹುದು. ಜೆಟ್‌ಬ್ರೈನ್ಸ್ ಕಂಪನಿ ವಿದ್ಯಾರ್ಥಿಗಳಿಗೆ ಒಂದು ವರ್ಷದ ಉಚಿತ ಪರವಾನಗಿ ಕೊಡುತ್ತದೆ, ಓದು ಮುಗಿಯುವವರೆಗೆ ನವೀಕರಿಸಿಕೊಳ್ಳಬಹುದು. ಆದರೆ ಅದರಲ್ಲಿ ಸಂಪಾದನೆಯ ಕೆಲಸ ಮಾಡುವಂತಿಲ್ಲ. ಒಪ್ಪಿಕೊಂಡ ಷರತ್ತು ಕರಾರು, ಅದನ್ನು ಪಾಲಿಸುವುದು ಅಮಾನತ್. ಓದು ಬಿಟ್ಟವನು ವಿದ್ಯಾರ್ಥಿಯೆಂದು ಬರೆದುಕೊಂಡರೆ ಅದು ಸುಳ್ಳು.

ಹೆತ್ತವರೇ, ಮಗನೋ ಮಗಳೋ ಕಂಪ್ಯೂಟರ್ ಮುಂದೆ ಕುಳಿತರೆ ಬರೀ ಗದರಬೇಡಿ. ಏನು ಕಲಿಯುತ್ತಿದ್ದಾರೆ, ಯಾವ ಸಾಫ್ಟ್‌ವೇರ್‌ನಲ್ಲಿ ಎಂದು ಕೇಳಿ. ಕೊಳ್ಳಲೇಬೇಕಾದದ್ದಿದ್ದರೆ ಈದ್ ಬಟ್ಟೆಯ ರೊಕ್ಕದಲ್ಲಿ ಒಂದು ಪಾಲು ಅದಕ್ಕೆ ಎತ್ತಿಡಿ. ನಾಳೆ ಆ ವಿದ್ಯೆಯಿಂದಲೇ ಮನೆಗೆ ರೊಟ್ಟಿ ಬರಬೇಕಲ್ಲವೇ?