ತೋಮನ ಎಂಟು ದಿನಗಳು

ಮಕ್ಕಳಂತಾಗದ ಹೊರತು ಪರಲೋಕರಾಜ್ಯದ ಪ್ರವೇಶವಿಲ್ಲವೆಂಬ ಯೇಸುಸ್ವಾಮಿಯ ಉಪದೇಶವನ್ನು ಕೇಳದ ಕ್ರೈಸ್ತನಿಲ್ಲ. ಅದಕ್ಕೆ ನಮ್ಮ ಉಪದೇಶಪೀಠಗಳಿಂದ ದೊರೆಯುವ ವ್ಯಾಖ್ಯಾನ ಸಾಮಾನ್ಯವಾಗಿ ಒಂದೇ: ಮಗು ಹೇಳಿದ್ದನ್ನು ನಂಬುತ್ತದೆ, ಎದುರಾಡುವುದಿಲ್ಲ, ನಾವೂ ಹಾಗಿರತಕ್ಕದ್ದು. ಈ ವ್ಯಾಖ್ಯಾನಕಾರರು ಮಳೆಗಾಲದ ಒಂದು ಮಧ್ಯಾಹ್ನವನ್ನಾದರೂ ಮಕ್ಕಳೊಡನೆ ಕಳೆದಿರುವರೋ ಇಲ್ಲವೋ ಎಂದು ನನಗೆ ಸಂದೇಹ. ಮಳೆ ಎಲ್ಲಿಂದ ಬಂತು, ಕಪ್ಪೆ ಏಕೆ ಕೂಗುತ್ತದೆ, ಸತ್ತುಹೋದ ಅಜ್ಜ ಈಗ ಎಲ್ಲಿದ್ದಾನೆ—ಉತ್ತರ ಮುಗಿಯುವ ಮೊದಲೇ ಮತ್ತೊಂದು ‘ಏಕೆ’ ಸಿದ್ಧವಾಗಿರುತ್ತದೆ.

ಮತ್ತಾಯನ ಸುವಾರ್ತೆಯಲ್ಲಿ ಈ ಉಪದೇಶ ಬರುವ ಸಂದರ್ಭವನ್ನು ನೋಡಬೇಕು. ಶಿಷ್ಯರಿಗೆ ತಮ್ಮಲ್ಲಿ ಯಾರು ಹೆಚ್ಚಿನವರೆಂಬ ಚಿಂತೆ. ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿ, ತಗ್ಗಿಸಿಕೊಳ್ಳುವುದನ್ನು ಅದರಿಂದ ಕಲಿಯಹೇಳಿದನು. ‘ನನಗೆ ಗೊತ್ತಿಲ್ಲ, ತಿಳಿಸು’ ಎನ್ನುವುದಕ್ಕಿಂತ ಮಿಗಿಲಾದ ವಿನಯ ಯಾವುದಿದೆ? ಕಾಲೇಜಿನಲ್ಲಿ ಪಾಠ ಹೇಳುವವರೆಲ್ಲ ಕಂಡ ಸಂಗತಿಯಿದು: ಎದ್ದು ನಿಂತು ಪ್ರಶ್ನಿಸುವ ವಿದ್ಯಾರ್ಥಿಗಿಂತ, ತಿಳಿಯದಿದ್ದರೂ ಕೇಳದೆ ಕುಳಿತವನಿಗೇ ಅಭಿಮಾನ ಹೆಚ್ಚು.

ಯೇಸುವಿನ ಶೈಶವ ಕಳೆದ ಮೇಲಿನ ಬಾಲ್ಯದ್ದಾಗಿ ನಾಲ್ಕು ಸುವಾರ್ತೆಗಳಲ್ಲಿ ಸಿಕ್ಕುವ ಪ್ರಸಂಗ ಒಂದೇ ಒಂದು. ಅದೂ ಲೂಕನಲ್ಲಿ ಮಾತ್ರ. ಪಸ್ಕಹಬ್ಬಕ್ಕೆ ಹೋದ 12 ವರ್ಷದ ಹುಡುಗ ಯೆರೂಸಲೇಮಿನಲ್ಲಿಯೇ ಉಳಿದುಬಿಟ್ಟನು. ಮೂರು ದಿನಗಳ ಮೇಲೆ ತಂದೆತಾಯಿಗಳು ಕಂಡಾಗ ಅವನು ದೇವಾಲಯದಲ್ಲಿ ಬೋಧಕರ ಮಧ್ಯೆ ಕುಳಿತು, ಆಲಿಸುತ್ತ, ಪ್ರಶ್ನೆಗಳನ್ನು ಕೇಳುತ್ತ ಇದ್ದನು.

ಬೆಳೆದವರಲ್ಲಿ ಈ ಸ್ವಭಾವ ಉಳಿದಿದ್ದುದು ತೋಮನಲ್ಲಿ. ಲೋಕವು ಅವನಿಗೆ ಸಂದೇಹಿಯೆಂಬ ಬಿರುದನ್ನು ಕಟ್ಟಿ ಕೈತೊಳೆದುಕೊಂಡಿತು. ತಾನು ಹೋಗುವೆಡೆಯ ದಾರಿ ನಿಮಗೆ ಗೊತ್ತಿದೆಯೆಂದು ಗುರು ಹೇಳಿದಾಗ, ಹೋಗುವ ಎಡೆಯೇ ತಿಳಿಯದವರಿಗೆ ದಾರಿ ತಿಳಿಯುವುದೆಂತು ಎಂದವನು ಇವನೇ. ಉಳಿದವರಿಗೆ ತಿಳಿದಿತ್ತೆಂದಲ್ಲ, ಕೇಳಲು ಬಾಯಿ ಬಂದದ್ದು ಇವನಿಗೆ. ಪುನರುತ್ಥಾನದ ಸುದ್ದಿಯನ್ನೂ ಅವನು ಗಾಯವನ್ನು ಕಂಡು ಮುಟ್ಟದೆ ನಂಬಲೊಲ್ಲನು. ಈ ಮಾತಿಗೂ ಯೇಸುವಿನ ದರ್ಶನಕ್ಕೂ ನಡುವೆ ಎಂಟು ದಿನಗಳೆಂದು ಯೋಹಾನನು ಬರೆಯುತ್ತಾನೆ. ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಎಂಟು ದಿನಗಳಲ್ಲಿ. ಕಂಡವರು ಹತ್ತು ಮಂದಿ, ಕಾಣದವನು ಒಬ್ಬ. ಅವರೇನು ಮಾತಾಡಿಕೊಂಡರೋ! ಆದರೆ ಎಂಟು ದಿನಗಳ ಮೇಲೆಯೂ, ಬಾಗಿಲು ಮುಚ್ಚಿದ ಆ ಮನೆಯಲ್ಲಿ ತೋಮನೂ ಅವರೊಂದಿಗೆ ಇದ್ದನು. ಅವರು ಹೊರದೂಡಲಿಲ್ಲ, ಇವನು ಎದ್ದುಹೋಗಲಿಲ್ಲ. ಕಾಣದೆ ನಂಬಿದವರು ಧನ್ಯರೆಂದು ಯೇಸು ನುಡಿದದ್ದು ನಿಜ. ನುಡಿದದ್ದು ಮಾತ್ರ ತನ್ನ ಗಾಯಗಳನ್ನು ಅವನ ಮುಂದೊಡ್ಡಿದ ಮೇಲೆ. ಇಟಲಿಯ ಕಾರವಾಜ್ಜೊ 1600ರ ಆಸುಪಾಸಿನಲ್ಲಿ ಬರೆದ ಚಿತ್ರದಲ್ಲಿ ತೋಮನ ಬೆರಳು ಗಾಯದೊಳಗೇ ಇಳಿದಿದೆ. ಸುವಾರ್ತೆಯಲ್ಲಾದರೋ ಅವನು ಮುಟ್ಟಿದನೆಂಬ ಮಾತೇ ಇಲ್ಲ.

ಪ್ರಶ್ನೆಯೆತ್ತಿದ ತರುಣನೊಬ್ಬನನ್ನು ಎಂಟು ದಿನ ತಮ್ಮೊಡನೆ ಇರಿಸಿಕೊಳ್ಳುವ ಸೈರಣೆ ಇಂದಿನ ಎಷ್ಟು ಸಭೆಗಳಿಗಿದೆ? ಚಿಕ್ಕಂದಿನಲ್ಲಿ ಬಾಯಿ ಮುಚ್ಚಿಸಿಕೊಂಡವರು ಕಾಲೇಜಿಗೆ ಬಂದ ಮೇಲೆ ಸದ್ದಿಲ್ಲದೆ ಆರಾಧನೆಯಿಂದ ದೂರವಾಗುವುದನ್ನು ನಾನು ಕಂಡಿದ್ದೇನೆ. ಏಕೆ ಹೋದಿರೆಂದು ಅವರನ್ನು ಕೇಳಿದವರೂ ಇಲ್ಲ.

ಕುತೂಹಲವು ಭಕ್ತಿಗೆ ಶತ್ರುವಲ್ಲವೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲರು ಸುವಾರ್ತೆ ಸಾರಲೆಂದೇ ಬಂದವರು. ಮಗುವಿನ ಮೊದಲ ಪ್ರಶ್ನೆ ‘ಇದೇನು?’ ಎಂಬುದು, ಅವರು ಬಾಳಿಡೀ ಅದನ್ನೇ ಕೇಳಿದರು. ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿನಲ್ಲಿ ಹಾಡಿದವರೇ ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ.

ಎಲ್ಲ ಪ್ರಶ್ನೆಗೂ ಒಂದೇ ಬಗೆಯ ಮನ್ನಣೆಯೇ ಎಂದರೆ, ಅದೂ ಅಲ್ಲ. ಭಾನುವಾರದ ಶಾಲೆಯಲ್ಲಿ ನಾನು ಲೂಕನ ಮೊದಲ ಅಧ್ಯಾಯವನ್ನು ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಎದ್ದಳು. ದೇವದೂತನನ್ನು ಜಕರೀಯನೂ ಪ್ರಶ್ನಿಸಿದನು, ಮರಿಯಳೂ ಪ್ರಶ್ನಿಸಿದಳು. ಆತನೊಬ್ಬನೇ ಏಕೆ ಮೂಕನಾಗಬೇಕು? ಆತ ಗುರುತು ಬೇಡಿದನು, ಆಕೆ ಬಗೆಯನ್ನು ಕೇಳಿದಳು ಎಂದು ನಾನು ಭೇದವನ್ನು ತೋರಿಸಿದೆ. ವ್ಯಾಕರಣ ಕಲಿಸುವವರಿಗೆ ಇಂಥ ಭೇದಗಳು ಬಲು ಪ್ರಿಯ. ಅವಳು ಕುಳಿತುಕೊಳ್ಳಲಿಲ್ಲ.

“ಸರ್, ಗಿದ್ಯೋನನೂ ಗುರುತು ಬೇಡಿದನಲ್ಲ, ಉಣ್ಣೆಯನ್ನು ಹಾಸಿ, ಎರಡೆರಡು ಸಲ? ಅವನಿಗೇನೂ ಆಗಲಿಲ್ಲವಲ್ಲ?”

ನ್ಯಾಯಸ್ಥಾಪಕರ ಪುಸ್ತಕವನ್ನೂ ಲೂಕನನ್ನೂ ಮುಂದಿನ ವಾರ ಅಕ್ಕಪಕ್ಕ ಇಟ್ಟುಕೊಂಡು ಓದೋಣವೆಂದೆ. ಅವಳು ಎರಡು ಕಡೆಯೂ ಕಾಗದದ ಚೂರು ಸಿಕ್ಕಿಸಿ ಪುಸ್ತಕ ಮುಚ್ಚಿದಳು.