ಗೆದ್ದವರ ಪ್ರಶಸ್ತಿ, ಸತ್ತವರ ವೀರಗಲ್ಲು

ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ 1177ರ ಸುಮಾರಿಗೆ ನೊಳಂಬವಾಡಿಯ ಪಾಂಡ್ಯರಿಂದ ಉಚ್ಚಂಗಿ ಕೋಟೆಯನ್ನು ಕಿತ್ತುಕೊಂಡ. ಚೋಳರು 12 ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ್ದ ಕೋಟೆ ಅವನಿಗೆ ಸಲೀಸಾಗಿ ದಕ್ಕಿತು, ಮೊರೆಹೊಕ್ಕ ಪಾಂಡ್ಯನಿಗೆ ರಾಜ್ಯವನ್ನು ಮರಳಿ ಕೊಟ್ಟ ಎಂದು ಶಾಸನಗಳು ಹೊಗಳುತ್ತವೆ. ಗಿರಿದುರ್ಗಮಲ್ಲ ಎಂಬ ಬಿರುದೂ ಬಂತು. ಇದನ್ನಷ್ಟೇ ಓದಿದರೆ ನೆತ್ತರೇ ಹರಿಯದ ಯುದ್ಧವೆನಿಸುತ್ತದೆ. ಆದರೆ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೂ ಉಚ್ಚಂಗಿಗೂ ನಡುವೆ ಕಡೂರು, ಅಜ್ಜಂಪುರದ ಬಯಲಿದೆ, ಪಕ್ಕದಲ್ಲೇ ತರೀಕೆರೆ. ಈ ಸೀಮೆಯ ಊರುಗಳಲ್ಲಿ ನಿಂತಿರುವ ವೀರಗಲ್ಲುಗಳು ಬೇರೆಯೇ ಮಾತಾಡುತ್ತವೆ. ಮಧ್ಯಕಾಲದ ಯುದ್ಧ ಜನರಿಗೆ ಏನು ಮಾಡಿತೆಂದು ತಿಳಿಯಬೇಕಾದರೆ ಅರಸರನ್ನು ಹೊಗಳುವ ಪ್ರಶಸ್ತಿಗಿಂತ ಈ ಕಲ್ಲುಗಳನ್ನೇ ಮೊದಲು ನಂಬಬೇಕು ಎಂಬುದು ನನ್ನ ವಾದ.

ಯುದ್ಧದ ಬಗ್ಗೆ ಬರೆದಿಟ್ಟ ಅಂಕಿಗಳು ಎಲ್ಲ ಕಡೆಯೂ ಅನುಮಾನಕ್ಕೆ ಎಡೆಕೊಡುತ್ತವೆ. ಕ್ರೂಸೇಡ್ ಯೋಧರು 1099ರ ಜುಲೈ 15ರಂದು ಜೆರುಸಲೇಮಿಗೆ ನುಗ್ಗಿ ನಡೆಸಿದ ಕಗ್ಗೊಲೆಯಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರೆಂದು ಮುಂದೆ ಇತಿಹಾಸಕಾರ ಇಬ್ನ್ ಅಲ್ ಅಥೀರ್ ಬರೆದ. ಘಟನೆಗೆ ಹೆಚ್ಚು ಹತ್ತಿರದ ಕಾಲದ ಇಬ್ನ್ ಅಲ್ ಅರಬಿ ಕೊಡುವ ಸಂಖ್ಯೆ 3,000. ನಮ್ಮ ಶಾಸನದ 12 ವರ್ಷವನ್ನೂ ಹಾಗೆಯೇ ನೋಡಬೇಕು. ಪಾಂಡವರ ವನವಾಸದಿಂದ ಬರಗಾಲದವರೆಗೆ ದೀರ್ಘಕಾಲವೆಂದರೆ ನಮ್ಮ ಕಥೆಗಳಲ್ಲಿ ಬಹುಪಾಲು ಹನ್ನೆರಡು ವರ್ಷವೇ. ಬರಹ ಸೋತಲ್ಲಿ ಮೂಳೆ ಸಾಕ್ಷಿ ಹೇಳಬಲ್ಲದು. ಲೆಬನಾನಿನ ಸಿಡಾನ್ ಕೋಟೆಯ ಕಂದಕದಲ್ಲಿ ಸಿಕ್ಕ, ಕ್ರೂಸೇಡ್ ಕಾಲದ ಕನಿಷ್ಠ 25 ಜನರ ಮೂಳೆಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸತ್ತವರು ಹದಿಹರೆಯದವರು, ತರುಣರು. ಕತ್ತಿ ಕೊಡಲಿಗಳ ಗಾಯ ಹೆಚ್ಚಾಗಿ ಬೆನ್ನ ಕಡೆ, ಬಹುಶಃ ಓಡುವಾಗ ಬಿದ್ದ ಪೆಟ್ಟು. ಕೆಲವು ಮೂಳೆಗಳು ಸುಟ್ಟಿದ್ದವು.

ನಮ್ಮಲ್ಲಿ ಇಂಥ ಗುಂಡಿ ಹುಡುಕಿ ಫಲ ಕಡಿಮೆ. ಹೆಣ ಸುಡುವ ರೂಢಿ ಇದ್ದ ಕಡೆ ಗಾಯದ ಗುರುತು ಬೂದಿಯಾಗುತ್ತದೆ. ಮೂಳೆಯಿಲ್ಲದ ಕಡೆ ಕಲ್ಲೇ ಪುರಾವೆ. ವೀರಗಲ್ಲಿನ ಕೆಳ ಅಂಕಣದಲ್ಲಿ ಬಿಲ್ಲು, ಕತ್ತಿ, ಬಿದ್ದ ಆಳುಗಳು. ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ, ಸೂರ್ಯ, ಚಂದ್ರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹವಿದ್ದರೆ ಹೆಸರು, ಸತ್ತ ಕಾರಣ, ಕೆಲವೊಮ್ಮೆ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯ ಹೊಲ. ಕಾರಣಗಳಲ್ಲಿ ಮತ್ತೆಮತ್ತೆ ಬರುವವು ತುರುಗೋಳು, ಊರಳಿವು, ಪೆಣ್ಬುಯ್ಯಲು: ದನ ಹೊಡೆದುಕೊಂಡು ಹೋಗುವುದು, ಊರು ಹಾಳುಗೆಡಹುವುದು, ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಕೂಗು.

ಶಿಲ್ಪವೆಲ್ಲ ಒಂದೇ ಅಚ್ಚಿನದು, ಅದನ್ನು ಸಾಕ್ಷಿ ಎನ್ನುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಚಿತ್ರದ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಬರಹ ಹಾಗಲ್ಲ. ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಕೊಟ್ಟ ಕಲ್ಲನ್ನು ಪಂಚಾಂಗ ಗಣಿತದಿಂದ ಪರೀಕ್ಷಿಸಬಹುದು. ಅವು ಒಂದಕ್ಕೊಂದು ತಾಳೆಯಾಗದಿದ್ದರೆ ತಪ್ಪು ಬಯಲಾಗುತ್ತದೆ. ತೇದಿಯಿಲ್ಲದಿದ್ದರೆ ಅಕ್ಷರದ ರೂಪದಿಂದ ಶತಮಾನ ಗೊತ್ತಾಗುತ್ತದೆ. ಸತ್ತವನ ಹೆಸರಿನ ಕಲ್ಲನ್ನು ಅವನನ್ನು ಬಲ್ಲ ಊರಿನ ನಡುವೆಯೇ ನಿಲ್ಲಿಸುತ್ತಿದ್ದರು, ಹೊಲವನ್ನೂ ಊರವರ ಕಣ್ಣೆದುರೇ ಕೊಡುತ್ತಿದ್ದರು. ಅಲ್ಲಿ ಸುಳ್ಳು ನಿಲ್ಲುವುದು ಕಷ್ಟ.

ಇನ್ನೊಂದು ಆಕ್ಷೇಪ ಗಟ್ಟಿ: ತುರುಗೋಳು ಊರೂರ ಜಗಳ, ಅದಕ್ಕೂ ಅರಸರ ಮುತ್ತಿಗೆಗೂ ಏನು ಸಂಬಂಧ? ಎಷ್ಟೋ ಕಲ್ಲುಗಳ ವಿಷಯದಲ್ಲಿ ಇದು ನಿಜ. ಈ ಸೀಮೆಯ ಪ್ರತಿ ಊರಳಿವನ್ನೂ ಉಚ್ಚಂಗಿಯ ಲೆಕ್ಕಕ್ಕೆ ಬರೆಯಲಾಗದು. ಆದರೂ ಕೋಟೆ ಮುತ್ತುವ ದಂಡು ಸುತ್ತಣ ಊರುಗಳ ಕಾಳು, ಹುಲ್ಲು, ದನ ತಿಂದೇ ಬದುಕುತ್ತದೆ. ಎದುರಾಳಿಯ ಹಟ್ಟಿ ಬರಿದು ಮಾಡುವುದೂ ಯುದ್ಧದ ಭಾಗವೇ. ಕಲ್ಲಿನ ತೇದಿ ದಂಡಯಾತ್ರೆಯ ವರ್ಷಕ್ಕೆ ಹೊಂದಿ, ಅಕ್ಕಪಕ್ಕದ ಹಲವು ಊರುಗಳಲ್ಲಿ ಅದೇ ಕಾಲದ ಊರಳಿವಿನ ಕಲ್ಲುಗಳು ಸಿಕ್ಕರೆ ಮಾತ್ರ ಸಂಬಂಧ ಹೇಳಬೇಕು. ಆಗಲೂ ಲೆಕ್ಕ ಕಮ್ಮಿಯೇ ಬರುತ್ತದೆ. ಓಡಿಹೋದವರಿಗೆ, ಒತ್ತೆಯಾಳಾದ ಹೆಂಗಸರಿಗೆ, ಹಸಿದು ಸತ್ತ ಮಕ್ಕಳಿಗೆ ಕಲ್ಲು ನೆಟ್ಟವರಿಲ್ಲ.

ಬಿ. ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕಾದ 6ನೆಯ ಸಂಪುಟವಾಗಿ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಅಚ್ಚುಹಾಕಿಸಿದರು. ಆ ಸಂಪುಟದ ವೀರಗಲ್ಲುಗಳ ಜತೆಗೆ ಆಮೇಲೆ ಬೆಳಕಿಗೆ ಬಂದವನ್ನೂ ಜಿಪಿಎಸ್ ಹಿಡಿದು ಒಂದೇ ನಕ್ಷೆಗೆ ಇಳಿಸಬೇಕು. ಹಾಳೂರ ದಿಬ್ಬಗಳಲ್ಲಿ ಕರಕಲಾದ ಕಾಳು ಸಿಕ್ಕರೆ ಇಂಗಾಲದ ಕಾಲಮಾಪನ ಮಾಡಿಸಬೇಕು. ರಸ್ತೆ ಅಗಲ ಮಾಡುವಾಗ ಕಲ್ಲನ್ನು ಕಿತ್ತು ಗುಡಿಯ ಗೋಡೆಗೆ ಒರಗಿಸಿದರೆ ಬರಹವೇನೋ ಉಳಿಯುತ್ತದೆ. ಆದರೆ ಕಾದಾಟ ನಡೆದದ್ದು ಊರಬಾಗಿಲಲ್ಲೋ, ಕೆರೆ ಏರಿಯ ಮೇಲೋ, ಹೊಲದಲ್ಲೋ ಎಂಬ ಸುಳಿವು ಅಂದೇ ಹೋಗುತ್ತದೆ.