ಎತ್ತು ಮಾರಿ ಮೀನು ಓದಿಸಿದೆ

ನಮ್ಮದು ಚಳ್ಳಕೆರೆ ಕಡೆಯ ಒಣಭೂಮಿ. ಶೇಂಗಾ, ನವಣೆ ಬಿಟ್ಟರೆ ಬೇರೆ ಗೊತ್ತಿಲ್ಲ. ಮಗಳು ಸಿಇಟಿಯಲ್ಲಿ ರೈತರ ಮಕ್ಕಳ ಕೋಟಾದಿಂದ ಮಂಗಳೂರಿನ ಮೀನುಗಾರಿಕೆ ಕಾಲೇಜು ಸೇರಿದಾಗ ಊರ ಕಟ್ಟೆ ಮೇಲೆ ನಗೆಯೋ ನಗೆ. ‘ಕೆರೇಲಿ ಕಪ್ಪೆಗೇ ನೀರಿಲ್ಲ, ನಿನ್ನ ಮಗಳು ಮೀನು ಓದ್ತಾಳಾ?’ ಅಂದರು. ಜೋಡೆತ್ತು ಮಾರಿ ಫೀಜು ಕಟ್ಟಿದ್ದೆ, ಮಾತಾಡಲಿಲ್ಲ.

2023ರ ಬರದಲ್ಲಿ ಶೇಂಗಾ ಕಾಯಿ ಕಟ್ಟಲೇ ಇಲ್ಲ. ಅದೇ ಹೊತ್ತಿಗೆ ಮಗಳು, ಕೊನೇ ವರ್ಷದ ತರಬೇತಿಗೆ ಊಟ, ರೂಮಿನ ಖರ್ಚು ಬೇಕು ಅಂದಳು. 2024ರ ಜನವರಿಯಲ್ಲಿ ಸಾಲದ ದುಡ್ಡು ಹಿಡಿದು ನಾನೇ ಹೋದೆ. ಕೆಲಸಕ್ಕೆ ಬಾರದ ಓದಾದರೆ ಕರಕೊಂಡೇ ಬರೋದು ಅಂತ ಮನಸ್ಸಿನಲ್ಲಿತ್ತು.

ಆ ಕಾಲೇಜು ಶುರುವಾದದ್ದು 1969ರಲ್ಲಿ. ದೇಶದಲ್ಲೇ ಮೊದಲ ಮೀನುಗಾರಿಕೆ ಕಾಲೇಜಂತೆ. ಓದು ನಾಲ್ಕು ವರ್ಷ. ಕೊನೇ ವರ್ಷ ಹುಡುಗರು ಪುಸ್ತಕ ಬಿಟ್ಟು ದಕ್ಕೆಗೆ, ಮೀನು ಮರಿ ಮಾಡುವಲ್ಲಿಗೆ, ಮೀನು ಸಂಸ್ಕರಿಸುವ ಫ್ಯಾಕ್ಟರಿಗೆ ಇಳಿಯಬೇಕು. 2015ರಿಂದ ಇಂಥ ತರಬೇತಿಗೆ ದೇಶದ ಕೃಷಿ ಕಾಲೇಜುಗಳಲ್ಲೆಲ್ಲ ‘ಸ್ಟೂಡೆಂಟ್ ರೆಡಿ’ ಅಂತ ಹೆಸರು.

ಬೆಳಗಾಗುವ ಮೊದಲೇ ಮಗಳು ನನ್ನನ್ನು ದಕ್ಕೆಗೆ ಕರಕೊಂಡು ಹೋದಳು. ಬೋಟಿನಿಂದ ಬುಟ್ಟಿ ಬುಟ್ಟಿ ಮೀನು ಇಳೀತಿದೆ, ಹರಾಜು ಕೂಗ್ತಿದ್ದಾರೆ, ಕಾಲಡಿ ಎಲ್ಲ ಐಸು. ಒಂದು ಬುಟ್ಟಿ ಬಂಗುಡೆಯನ್ನು ಆರಿಸದೆ, ಬಂದ ಹಾಗೇ ಸುರುವಿಕೊಂಡು, ಒಂದೊಂದನ್ನೂ ಅಳತೆ ಹಲಗೆ ಮೇಲಿಟ್ಟು ಮೂತಿಯಿಂದ ಬಾಲದ ತುದಿವರೆಗೆ ಅಳೆದಳು. ಹೊಟ್ಟೆ ಸೀಳಿ ತತ್ತಿ ಎಷ್ಟು ಬಲಿತಿದೆ ಅಂತ ಬರೆದಳು. ತಲೆಯೊಳಗಿಂದ ಅಕ್ಕಿನುಚ್ಚಿನಂಥ ಕಲ್ಲೊಂದು ತೆಗೆದಳು. ಕಿವಿಯ ಕಲ್ಲಂತೆ! ತಣ್ಣಗಿನ ಕಡಲಿನ ಮೀನಿಗೆ ಅದರಲ್ಲಿ ಮರದ ಹಾಗೆ ವರ್ಷಕ್ಕೊಂದು ಬಳೆ ಮೂಡುತ್ತೆ, ನಮ್ಮ ಬೆಚ್ಚಗಿನ ಕಡಲಲ್ಲಿ ಅದು ಸ್ಪಷ್ಟ ಇರೋದಿಲ್ಲ, ಅದಕ್ಕೇ ಸಾವಿರಗಟ್ಟಲೆ ಮೀನಿನ ಉದ್ದ ಅಳೆದು ವಯಸ್ಸು ಅಂದಾಜು ಮಾಡ್ತೀವಿ ಅಂದಳು.

‘ಅಳೆದು ಏನಾಗಬೇಕವ್ವಾ?’

ಆಕೆ ಪಕ್ಕದ ರಾಶಿ ತೋರಿಸಿದಳು. ಬೆರಳುದ್ದದ ಮರಿಗಳು. ಮೀನುಹಿಟ್ಟಿನ ಫ್ಯಾಕ್ಟರಿಗೆ ಹೋಗೋ ಮಾಲು, ಕೋಳಿ, ಸಿಗಡಿ ಮೇವಿಗೆ. ‘ಅಪ್ಪಾ, ಒಂದ್ಸಲನೂ ತತ್ತಿ ಇಡದ ಮೀನಿವು.’ ನನಗೆ ಹೊಟ್ಟೆಯಲ್ಲಿ ಚುಳ್ ಅಂತು. ಹಿಂದೊಂದು ಬರದಲ್ಲಿ ಬಿತ್ತನೆಗೆ ಇಟ್ಟ ಶೇಂಗಾ ಹುರಿದು ತಿಂದವನು ನಾನು. ಮುಂದಿನ ಮುಂಗಾರಿಗೆ ಬೀಜಕ್ಕೆ ಯಾರ ಬಾಗಿಲಲ್ಲಿ ನಿಂತೆ ಅನ್ನೋದು ನನಗೇ ಗೊತ್ತು.

ಕೇರಳದವರು 2015ರಲ್ಲೇ ಬಂಗುಡೆ 14 ಸೆಂಟಿಮೀಟರಿಗಿಂತ, ಬೂತಾಯಿ 10 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ ಮಾಡಿದರು. ಅಂಥ ಲೆಕ್ಕ ಹುಟ್ಟೋದು ಇಂಥ ಹಲಗೆ ಮೇಲೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಕಟ್ಟಿಹಾಕೋದೂ ಮೀನಿನ ಸಂತತಿ ಉಳಿಯಲಿ ಅಂತಲೇ. ಬಲೆಯ ಬಾಲದ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಹಾಕಿಸುವ ವಿಚಾರ ನನಗೆ ಥಟ್ಟನೆ ತಲೆಗೆ ಹೋಯಿತು. ಓರೆ ಕಣ್ಣಿನ ಬಲೆ ಎಳೆದಾಗ ಬಿಗಿದು ಮುಚ್ಚಿಕೊಳ್ಳುತ್ತೆ, ಮರಿ ಒಳಗೇ ಸಾಯುತ್ತೆ. ಚೌಕ ಕಣ್ಣು ತೆರೆದೇ ಇರುತ್ತೆ, ನಮ್ಮ ಜರಡಿ ಇದ್ದ ಹಾಗೆ.

ಆದರೆ ಮಗಳಿಗೊಂದು ಕೊರಗಿತ್ತು. ಗಂಡುಹುಡುಗರು ಬೋಟಿನಲ್ಲಿ ಹೋಗಿ ಬಲೆ ಎಳೆಯೋದು ನೋಡಿ ಬಂದಿದ್ದರು. ಹೆಣ್ಣುಹುಡುಗಿಯರು ದಕ್ಕೆಯಲ್ಲೇ. ಕೇಳಿದ ಬೋಟಿನವರೊಬ್ಬರು ಆಗಲ್ಲ ಅಂದಿದ್ದರಂತೆ. ವಾರಗಟ್ಟಲೆ ಕಡಲಲ್ಲಿರುವ ಬೋಟು, ಮರೆ ಇಲ್ಲ, ಕಕ್ಕಸು ಇಲ್ಲ, ಅವರ ಮಾತೂ ಸುಳ್ಳಲ್ಲ. ಆದರೂ ಹೊಲ ಕಾಣದೆ ಬೇಸಾಯ ಕಲಿತ ಹಾಗಾಯಿತಲ್ಲ!

ನಾನೇ ಹೋಗಿ ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟಿನ ತಾಂಡೇಲರನ್ನು ಕೇಳಿದೆ. ಅವರು ನನ್ನ ಪಂಚೆ, ಒಡೆದ ಹಿಮ್ಮಡಿ ನೋಡಿದರು. ‘ನೀವು ಬೇಸಾಯದವರಾ ಮಾರಾಯ್ರೆ? ಮೇಷ್ಟ್ರ ಒಪ್ಪಿಗೆ ಚೀಟಿ ತನ್ನಿ, ಇಬ್ಬರು ಹುಡುಗಿಯರು ಬರಲಿ, ಲೈಫ್ ಜಾಕೆಟ್ ಹಾಕ್ಲೇಬೇಕು’ ಅಂದರು. ಮೇಷ್ಟ್ರು ಅದೇ ದಿನ ಚೀಟಿ ಕೊಟ್ಟರು.

ಮರುದಿನ ಕತ್ತಲಲ್ಲೇ ಮಗಳೂ ಗೆಳತಿಯೂ ಹತ್ತಿದರು. ನಾನು ಇಡೀ ದಿನ ದಕ್ಕೆ ಬಿಟ್ಟು ಕದಲಲಿಲ್ಲ, ಊಟವೂ ಸೇರಲಿಲ್ಲ. ಸಂಜೆ ಇಳಿದಳು. ಮುಖ ಬಿಳಿಚಿತ್ತು, ನಾಲ್ಕು ಸಲ ವಾಂತಿ ಆಯಿತಂತೆ. ನೀರಿನ ಬಾಟ್ಲಿ ಚಾಚಿದೆ. ‘ತಾಳಪ್ಪಾ, ಐಸು ಹಾಕೋಕೆ ಮುಂಚೆ ಅಳೆದುಬಿಡ್ತೀನಿ’ ಅಂತ ಹಲಗೆ ಹಿಡಿದು ಕೂತಳು. ನಾನು ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂತೆ.